ಸೀರಿಯಲ್ ಕೇಬಲಿನಲ್ಲಿ ಸಾಫ್ಟ್‌ವೇರ್ ಹಾಕುವಾಗ ರಿಸೀವರ್ ಅರ್ಧಕ್ಕೇ ನಿಲ್ಲುತ್ತಿದೆ, ಯಾರಾದ್ರೂ ದಾರಿ ಹೇಳಿ

ತೋಟದಮನೆ_ಶಿರಸಿ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ-ಕುಮಟಾ ರಸ್ತೆಯಿಂದ ಒಳಗೆ, ದೇವಿಮನೆ ಘಟ್ಟಕ್ಕಿಂತ ಈಚೆ. ಕೇಬಲ್ ಟಿವಿ ಇಲ್ಲ. ಮೊಬೈಲ್ ಸಿಗ್ನಲ್ ಬೇಕಂದ್ರೆ ಅಂಗಳದ ಆ ತುದಿಗೆ ಹೋಗಿ ನಿಲ್ಲಬೇಕು. ಹಾಗಾಗಿ ಟಿವಿಗೆ ಡಿಶ್ಶೇ ಗತಿ. ಕಾರ್ಡ್ ಇಲ್ಲದ, ತಿಂಗಳ ದುಡ್ಡಿಲ್ಲದ ಎಂಪೆಗ್-4 ಬಾಕ್ಸ್. ಐದು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ತಂದದ್ದು.

ಹೋದ ತಿಂಗಳು ನಾಲ್ಕೈದು ಚಾನೆಲ್ ಕಾಣೆಯಾದವು, ಅದರಲ್ಲಿ ಚಂದನವೂ ಒಂದು. ಆಯಿಗೆ ಚಂದನ ಇಲ್ಲದಿದ್ದರೆ ಸಂಜೆ ಹೊತ್ತೇ ಹೋಗುವುದಿಲ್ಲ. ಗೆಳೆಯನೊಬ್ಬ ಹೊಸ ಸಾಫ್ಟ್‌ವೇರ್ ಹಾಕಿದರೆ ಎಲ್ಲ ಬರುತ್ತದೆ ಅಂತ ಫೈಲ್ ಕೊಟ್ಟ. ಬಾಕ್ಸು ಪೆನ್‌ಡ್ರೈವ್ ಹಿಡಿಯುವುದನ್ನು ಬಿಟ್ಟು ಎರಡು ವರ್ಷ ಆಯಿತು. ಉಳಿದದ್ದು ಹಿಂದಿನ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಒಂದೇ.

ಪೇಟೆಯಲ್ಲಿ ಒಂದು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ಒಂದು ಕೇಬಲ್ ತಂದೆ. ಮೊದಲ ದಿನ ಲ್ಯಾಪ್‌ಟಾಪಿನಲ್ಲಿ "ಕನೆಕ್ಟ್ ಆಗುತ್ತಿದೆ" ಅಂತ ಚುಕ್ಕಿ ಓಡಿದ್ದೇ ಓಡಿದ್ದು, ಏನೂ ಆಗಲಿಲ್ಲ. ಅಂಗಡಿಯವರು ಕೇಬಲ್ ಬದಲಿಸಿ ಕೊಟ್ಟರು. ಆಮೇಲೆ ಶುರುವಾಯಿತು, 38 ಪರ್ಸೆಂಟಿಗೆ ನಿಂತಿತು. ಮತ್ತೆ ಹಾಕಿದೆ, 12ಕ್ಕೆ ನಿಂತಿತು. ಮೂರನೇ ಸಲ 61. ಈಗ ಬಾಕ್ಸಿನ ಮುಂದೆ "ಬೂಟ್" ಅನ್ನುವ ಅಕ್ಷರ ಬಿಟ್ಟು ಬೇರೇನೂ ಬರುತ್ತಿಲ್ಲ. ಟಿವಿ ಕಪ್ಪು. ಮೊದಲು ನಾಲ್ಕು ಚಾನೆಲ್ ಹೋಗಿತ್ತು, ಈಗ ಎಲ್ಲವೂ ಹೋಯಿತು. ಆಯಿ ಏನೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರು.

ಯಲ್ಲಾಪುರ_ಹುಡುಗ

ಬಾಕ್ಸ್ ಹೋಯ್ತು ಅಣ್ಣ. ಸೀರಿಯಲ್‌ಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಸಿಎಚ್341ಎ ಪ್ರೋಗ್ರಾಮರ್ ಅನ್ನುವ, ಚಿಪ್ಪಿಗೆ ಬರೆಯುವ ಸಣ್ಣ ಬೋರ್ಡ್ ತರಿಸಿ, ಸಾಫ್ಟ್‌ವೇರ್ ಕೂತಿರುವ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿಗೆ ಕ್ಲಿಪ್ ಹಾಕಿ ನೇರ ಬರೆಯಿರಿ. ಹತ್ತು ನಿಮಿಷದ ಕೆಲಸ.

ಬೈತಖೋಲ_ರೇಡಿಯೋ (ಕಾರವಾರ)

ತಮಾ, ಅವಸರ ಬೇಡ. ಸತ್ತ ಬಾಕ್ಸು 38, 12, 61 ಅಂತ ಲೆಕ್ಕ ಹೇಳುವುದಿಲ್ಲ. ಮೂರು ಸಲವೂ ಅದು ನಿನ್ನ ಲ್ಯಾಪ್‌ಟಾಪಿನ ಜೊತೆ ಮಾತಾಡಿದೆ. ಅಂದ್ರೆ ಅದರ ಬೂಟ್‌ಲೋಡರ್, ಆನ್ ಮಾಡಿದಾಗ ಮೊದಲು ಓಡುವ ಸಣ್ಣ ಪ್ರೋಗ್ರಾಮ್, ಇನ್ನೂ ಜೀವಂತ ಇದೆ. ಪೂರ್ತಿ ಬರೆಯದೆ ಉಳಿದದ್ದು ಮುಖ್ಯ ಸಾಫ್ಟ್‌ವೇರ್ ಮಾತ್ರ.

ಇನ್ನೊಂದು ನೋಡು. ಪ್ರತಿ ಸಲವೂ ಒಂದೇ ಜಾಗದಲ್ಲಿ, ಸರಿಯಾಗಿ 38ಕ್ಕೇ ನಿಂತಿದ್ದರೆ ನಾನು ಫೈಲಿನ ಮೇಲೆ ಅಥವಾ ಫ್ಲ್ಯಾಶ್ ಚಿಪ್ಪಿನ ಮೇಲೆ ಅನುಮಾನ ಪಡುತ್ತಿದ್ದೆ. ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ ಅಂದರೆ ದೋಷ ಇರುವುದು ದಾರಿಯಲ್ಲಿ. ಕೇಬಲ್, ಅಡಾಪ್ಟರ್, ಕರೆಂಟ್, ಈ ಮೂರರಲ್ಲಿ ಒಂದು. ನಾನು ಇಲ್ಲಿ ಬಂದರಿನಲ್ಲಿ ಬೋಟುಗಳ ಜಿಪಿಎಸ್, ಫಿಶ್ ಫೈಂಡರ್ ನೋಡುವವನು. ಅವೂ ಸೀರಿಯಲ್‌ನಲ್ಲೇ ಮಾತಾಡುವುದು, ಸೆಕೆಂಡಿಗೆ 4800 ಬಿಟ್‌ನಲ್ಲಿ. ಉಪ್ಪು ಗಾಳಿಗೆ ಪಿನ್ ಹಸಿರು ಹಿಡಿದಾಗ ಥೇಟ್ ಇದೇ ಥರ ಮಾಡುತ್ತವೆ. ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ.

ನೀನು ಹೇಳಬೇಕಾದ್ದು: ಬಾಕ್ಸಿನ ಒಳಗಿನ ಮುಖ್ಯ ಚಿಪ್ ಯಾವುದು, ಫೈಲ್ ಎಷ್ಟು ದೊಡ್ಡದು, ಕೇಬಲ್ ಎಷ್ಟು ಉದ್ದ, ಲ್ಯಾಪ್‌ಟಾಪ್ ಚಾರ್ಜರ್ ಎರಡು ಪಿನ್ನಿನದೋ ಮೂರು ಪಿನ್ನಿನದೋ. ಮತ್ತೆ ನಾನು ಹೇಳುವ ತನಕ ಏನೂ ಬರೆಯಬೇಡ.

ಹಳೇಡಿಶ್_ಅಂಕೋಲಾ

ಬೈದೆ ಅಂತ ತಿಳಿಯಬೇಡಿ, ಆದರೆ ನಿಮಗೆ ಈ ಅಪ್‌ಡೇಟ್ ಬೇಕೇ ಇರಲಿಲ್ಲ. ಚಾನೆಲ್ ಕಾಣೆಯಾಗುವುದು ಸಾಫ್ಟ್‌ವೇರ್ ಹಳೆಯದಾಗಿ ಅಲ್ಲ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಅಲ್ಲಿ ಚಾನೆಲ್‌ಗಳು ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಮೆನುಗೆ ಹೋಗಿ ಬ್ಲೈಂಡ್ ಸ್ಕ್ಯಾನ್, ಅಂದರೆ ಎಲ್ಲ ಫ್ರೀಕ್ವೆನ್ಸಿಯನ್ನೂ ಬಾಕ್ಸೇ ಹುಡುಕುವುದು, ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಚಂದನ ವಾಪಸ್ ಬರುತ್ತಿತ್ತು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಇದು ಶುರುವಾದಾಗಿನಿಂದ ನೋಡುತ್ತಾ ಬಂದಿದ್ದೇನೆ. ಚಾನೆಲ್ ಹೋಯ್ತು ಅಂತ ಸಾಫ್ಟ್‌ವೇರ್ ಹಾಕುವುದು, ಬಾವಿ ಹಗ್ಗ ಹರಿಯಿತು ಅಂತ ಹೊಸ ಬಾವಿ ತೋಡಿಸಿದ ಹಾಗೆ.

ಇನ್ನು ಆ "ಎಲ್ಲ ಚಾನೆಲ್ ಬರ್ತದೆ" ಫೈಲುಗಳ ಸಹವಾಸ ಬೇಡ. ದುಡ್ಡು ಕೊಟ್ಟು ನೋಡುವ ಚಾನೆಲ್ ಬಿಚ್ಚುವ ಫೈಲ್ ಆದರೆ ಅದು ಕಳ್ಳ ಮಾಲು. ಮೇಲಿಂದ ಯಾವ ಬೋರ್ಡಿಗೆ ಮಾಡಿದ್ದೋ ಯಾರಿಗೆ ಗೊತ್ತು.

ತೋಟದಮನೆ_ಶಿರಸಿ

ಬ್ಲೈಂಡ್ ಸ್ಕ್ಯಾನ್ ವಿಷಯ ಓದಿ ತಲೆ ಮೇಲೆ ಕೈ ಇಟ್ಟು ಕೂತೆ. ಆಯಿತು, ಆದದ್ದು ಆಯಿತು.

ಮಾಮ, ಮುಚ್ಚಳ ಬಿಚ್ಚಿ ನೋಡಿದೆ. ದೊಡ್ಡ ಚಿಪ್ಪಿನ ಮೇಲೆ ಆಲಿ ಎಂ3510 ಅಂತಿದೆ. ಪಕ್ಕದ ಎಂಟು ಕಾಲಿನದರ ಮೇಲೆ 25ಕ್ಯೂ32. ಫೈಲ್ 41,94,304 ಬೈಟ್. ಕೇಬಲ್ ಒಂದೂವರೆ ಮೀಟರ್. ಚಾರ್ಜರ್ ಎರಡೇ ಪಿನ್.

ಬೈತಖೋಲ_ರೇಡಿಯೋ (ಕಾರವಾರ)

ಒಳ್ಳೆಯದಾಯಿತು. 25ಕ್ಯೂ32 ಅಂದರೆ 32 ಮೆಗಾಬಿಟ್, ಅಂದರೆ 4 ಮೆಗಾಬೈಟ್. 41,94,304 ಬೈಟ್ ಅಂದರೆ ಸರಿಯಾಗಿ 4 ಮೆಗಾಬೈಟ್. ಫೈಲಿನ ಅಳತೆ ಚಿಪ್ಪಿಗೆ ಹೊಂದುತ್ತದೆ. ಅಷ್ಟಕ್ಕೇ ಫೈಲು ಈ ಬೋರ್ಡಿನದೇ ಅಂತ ಹೇಳಲಿಕ್ಕೆ ಬರುವುದಿಲ್ಲ. ಹೊರಗಿನ ಹೆಸರು ಒಂದೇ ಇದ್ದು ಒಳಗೆ ಎರಡು ಮೂರು ಥರದ ಬೋರ್ಡ್ ಇರುತ್ತವೆ. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ನಂಬರ್ ಇರುತ್ತದೆ, ಫೈಲ್ ಕೊಟ್ಟವನ ಬಾಕ್ಸಿನಲ್ಲೂ ಅದೇ ಇದೆಯಾ ಕೇಳು.

ಸಮಯದ ಲೆಕ್ಕವನ್ನೂ ತಿಳಿದುಕೋ. ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಒಂದು ಬೈಟಿಗೆ ಎಂಟು ಬಿಟ್, ಜೊತೆಗೆ ಶುರುವಿನ ಒಂದು, ಕೊನೆಯ ಒಂದು. ಒಟ್ಟು ಹತ್ತು. ಹಾಗಾಗಿ ಸೆಕೆಂಡಿಗೆ 11,520 ಬೈಟ್. 4 ಮೆಗಾಬೈಟಿಗೆ ಕಮ್ಮಿ ಅಂದರೂ ಆರು ನಿಮಿಷ. ಆ ಆರು ನಿಮಿಷದಲ್ಲಿ ಕರೆಂಟ್ ಕಣ್ಣು ಮಿಟುಕಿಸಿದರೂ ಕೆಲಸ ಕೆಟ್ಟಿತು. ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡ.

ಹೊನ್ನಾವರ_ಡಿಟಿಪಿ

ನಾನೂ ಸ್ವಲ್ಪ ಸೇರಿಸುತ್ತೇನೆ. ಅಂಗಡಿಗೆ ಬರುವ ಬಿಲ್ ಪ್ರಿಂಟರ್, ತೂಕದ ಮೆಶಿನ್ ಎಲ್ಲದಕ್ಕೂ ಇದೇ ಅಡಾಪ್ಟರ್ ಹಾಕುವವಳು ನಾನು, ಇದರ ಕಾಟ ಚೆನ್ನಾಗಿ ಗೊತ್ತು.

ಮೊದಲು ಡಿವೈಸ್ ಮ್ಯಾನೇಜರ್ ತೆಗೆದು ಅಡಾಪ್ಟರಿನಲ್ಲಿ ಯಾವ ಚಿಪ್ ಇದೆ ನೋಡಿ. ಪಿಎಲ್2303 ಆಗಿದ್ದು ಹಳದಿ ತ್ರಿಕೋನ, ಕೋಡ್ 10 ಅಂತ ತೋರಿಸಿದರೆ ಅದು ನಕಲಿ ಅಥವಾ ಹಳೇ ಚಿಪ್. ಹೊಸ ಡ್ರೈವರ್ ಅದನ್ನು ಒಪ್ಪುವುದಿಲ್ಲ. 2014ರಲ್ಲಿ ಇಂಥದೇ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಕಲಿ ಚಿಪ್ಪಿನ ಗುರುತಿನ ನಂಬರನ್ನೇ ಸೊನ್ನೆ ಮಾಡಿ ಕೂರಿಸಿತ್ತು. ದೊಡ್ಡ ಗಲಾಟೆಯಾಗಿತ್ತು ಆಗ. ಸಿಎಚ್340 ಆದರೆ ತೊಂದರೆ ಕಮ್ಮಿ. ಎರಡನೆಯದು, ಕಾಮ್ ಪೋರ್ಟ್ ನಂಬರ್. ಹಳೇ ಅಪ್‌ಡೇಟ್ ಟೂಲ್‌ಗಳಿಗೆ ಕಾಮ್ 1ರಿಂದ 4ರ ತನಕ ಮಾತ್ರ ಕಾಣುತ್ತದೆ. ನಿಮ್ಮದು 17ಕ್ಕೆ ಹೋಗಿ ಕೂತಿದ್ದರೆ ಅಡ್ವಾನ್ಸ್‌ಡ್ ಸೆಟ್ಟಿಂಗಿನಲ್ಲಿ 3 ಮಾಡಿ.

ಆಮೇಲೆ ಲೂಪ್‌ಬ್ಯಾಕ್. ಕೇಬಲನ್ನು ಬಾಕ್ಸಿನಿಂದ ಬಿಚ್ಚಿ. ಬಾಕ್ಸಿಗೆ ಹೋಗುವ ತುದಿಯ 2 ಮತ್ತು 3ನೇ ತೂತಿಗೆ ಸಣ್ಣ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಸಿಕ್ಕಿಸಿ. ಪುಟ್ಟಿ (PuTTY) ಅನ್ನುವ ಪ್ರೋಗ್ರಾಮ್ ತೆರೆದು ವೇಗ 115200 ಹಾಕಿ, ಫ್ಲೋ ಕಂಟ್ರೋಲ್ ಆಫ್ ಮಾಡಿ, ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬರಬೇಕು. ಒಂದು ಅಕ್ಷರ ಬಂತು ಅಂತ ಖುಷಿಪಡಬೇಡಿ. ಒಂದು ಪೂರ್ತಿ ಪುಟ ಕಾಪಿ ಮಾಡಿ ಸುರಿಯಿರಿ. ಬಂದದ್ದರಲ್ಲಿ ಎಲ್ಲಾದರೂ ಅಕ್ಷರ ಹಾರಿದೆಯಾ ನೋಡಿ.

ತೋಟದಮನೆ_ಶಿರಸಿ (ಭಾನುವಾರ ಮಧ್ಯಾಹ್ನ)

ಅಕ್ಕ, ಅಡಾಪ್ಟರ್ ಸಿಎಚ್340. ಕಾಮ್ 5 ಇತ್ತು, 3 ಮಾಡಿದೆ. ಲೂಪ್‌ಬ್ಯಾಕ್‌ನಲ್ಲಿ ನಾಲ್ಕು ಪುಟ ಸುರಿದೆ, ಒಂದು ಅಕ್ಷರವೂ ಹಾರಲಿಲ್ಲ. ಆದರೆ ಬಾಕ್ಸಿಗೆ ಹಾಕಿದರೆ ಮಾತ್ರ ನಿಲ್ಲುತ್ತದೆ. ಇದು ಹೇಗೆ?

ಇನ್ನೊಂದು ಪ್ರಶ್ನೆ. ಮೊದಲ ಕೇಬಲಿಗೂ ಎರಡನೆಯದಕ್ಕೂ ನೋಡಲಿಕ್ಕೆ ಏನೂ ವ್ಯತ್ಯಾಸ ಇಲ್ಲ. ಮೊದಲಿನದು ಯಾಕೆ ಮಾತೇ ಆಡಲಿಲ್ಲ?

ಬೈತಖೋಲ_ರೇಡಿಯೋ (ಕಾರವಾರ)

ಎರಡನೇ ಪ್ರಶ್ನೆ ಮೊದಲು. ಒಂದು ನೇರ ಕೇಬಲ್, ಇನ್ನೊಂದು ಕ್ರಾಸ್ ಕೇಬಲ್, ಅದಕ್ಕೇ ನಲ್ ಮೋಡೆಮ್ ಅನ್ನುತ್ತಾರೆ. ಕ್ರಾಸ್‌ನಲ್ಲಿ 2 ಆ ಕಡೆಯ 3ಕ್ಕೆ ಹೋಗುತ್ತದೆ, 3 ಆ ಕಡೆಯ 2ಕ್ಕೆ. ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಿ, ಇಬ್ಬರೂ ಇನ್ನೊಂದು ತಂತಿಯಲ್ಲಿ ಕಿವಿಗೊಟ್ಟು ಕೂತರೆ ಯಾರಿಗೂ ಏನೂ ಕೇಳಿಸುವುದಿಲ್ಲ. ನಿನ್ನ ಮೊದಲ ದಿನ ಆದದ್ದು ಅದು.

ಯಾವುದು ಬೇಕು ಅಂತ ಅಂಗಡಿಯವರನ್ನು ಕೇಳಬೇಕಿಲ್ಲ. ಬಾಕ್ಸ್ ಆನ್ ಮಾಡಿ, ಕೇಬಲ್ ಹಾಕದೆ, ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ಮೊನೆ 5ನೇ ಪಿನ್ನಿಗೆ ಹಿಡಿ. ಕೆಂಪು ಮೊನೆ 2ಕ್ಕೊಮ್ಮೆ, 3ಕ್ಕೊಮ್ಮೆ. ಯಾವುದರಲ್ಲಿ ಮೈನಸ್ ಐದಾರು ವೋಲ್ಟ್ ಬರುತ್ತದೋ ಅದು ಬಾಕ್ಸು ಕಳಿಸುವ ಪಿನ್. ಅಡಾಪ್ಟರ್ ಕಳಿಸುವುದು 3ರಲ್ಲಿ. ಬಾಕ್ಸೂ 3ರಲ್ಲೇ ಕಳಿಸಿದರೆ ಕ್ರಾಸ್, 2ರಲ್ಲಿ ಕಳಿಸಿದರೆ ನೇರ. ಎರಡರಲ್ಲೂ ಮೈನಸ್ ಬರಲೇ ಇಲ್ಲ ಅಂದರೆ ಒಳಗೆ ಸೀರಿಯಲ್ ಲೈನಿನ ವೋಲ್ಟ್ ಮಾಡುವ ಮ್ಯಾಕ್ಸ್232 ಥರದ ಚಿಪ್ ಸಿಡಿಲಿಗೆ ಹೋಗಿದೆ ಅಂತ ತಿಳಿ. ನಮ್ಮ ಕಡೆ ಅದೂ ಅಪರೂಪ ಅಲ್ಲ.

ಈಗ ಮೊದಲನೇ ಪ್ರಶ್ನೆ. ಕೇಬಲ್ ಒಂದೇ ಇದ್ದಾಗ ಚೊಕ್ಕ, ಬಾಕ್ಸಿಗೆ ಸೇರಿದಾಗ ಕೆಡುತ್ತದೆ. ಮಲ್ಟಿಮೀಟರನ್ನು ಎಸಿಗೆ, ದೊಡ್ಡ ರೇಂಜಿಗೆ ಹಾಕು. ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಸೀರಿಯಲ್ ಅಡಾಪ್ಟರಿನ ಲೋಹದ ಅಂಚಿಗೆ ಒಂದು ಮೊನೆ, ಡಿಶ್ಶಿನ ವೈರ್ ಸೇರಿರುವ ಬಾಕ್ಸಿನ ಲೋಹಕ್ಕೆ ಇನ್ನೊಂದು. ಸೀರಿಯಲ್ ಕೇಬಲ್ ಸೇರಿಸಿರಬಾರದು. ಕೈಯಲ್ಲಿ ಮುಟ್ಟಿ ನೋಡಲಿಕ್ಕೆ ಹೋಗಬೇಡ. ಎಷ್ಟು ಬರುತ್ತದೆ ಹೇಳು.

ತೋಟದಮನೆ_ಶಿರಸಿ

ಬಾಕ್ಸು 3ರಲ್ಲಿ ಮೈನಸ್ 5.6. ಅಂದರೆ ಕ್ರಾಸ್ ಕೇಬಲ್ ಸರಿ.

ಎಸಿ ನೋಡಿ ಹೆದರಿಕೆ ಆಯಿತು ಮಾಮ. 87 ವೋಲ್ಟ್ ತೋರಿಸುತ್ತಿದೆ! ಚಾರ್ಜರ್ ತೆಗೆದರೆ ಇಲ್ಲ ಅನ್ನುವಷ್ಟು ಕಮ್ಮಿ.

ಬೈತಖೋಲ_ರೇಡಿಯೋ (ಕಾರವಾರ)

ಹೆದರಬೇಡ. ಎರಡು ಪಿನ್ನಿನ ಚಾರ್ಜರಿನ ಒಳಗೆ ಗದ್ದಲ ತಡೆಯಲಿಕ್ಕೆ ಸಣ್ಣ ಕೆಪ್ಯಾಸಿಟರ್ ಇರುತ್ತದೆ. ಅರ್ಥಿಂಗ್ ಇಲ್ಲದ ಕಾರಣ ಅದರ ಮೂಲಕ ಲ್ಯಾಪ್‌ಟಾಪಿನ ಲೋಹ ಅರ್ಧ ಮೇನ್ಸಿನ ಹತ್ತಿರ ತೇಲುತ್ತಿರುತ್ತದೆ. ಕರೆಂಟ್ ತೀರಾ ಸಣ್ಣದು, ಬರಿಗಾಲಿನಲ್ಲಿ ನಿಂತರೆ ಜುಮ್ ಅನ್ನುತ್ತದಲ್ಲ, ಅದೇ.

ಈಗ ದಾರಿ ನೋಡು. ಚಾರ್ಜರಿನಿಂದ ಲ್ಯಾಪ್‌ಟಾಪ್, ಅಲ್ಲಿಂದ ಸೀರಿಯಲ್ ಕೇಬಲಿನ 5ನೇ ತಂತಿ, ಅಲ್ಲಿಂದ ಬಾಕ್ಸು, ಬಾಕ್ಸಿನಿಂದ ಡಿಶ್ಶಿನ ವೈರಿನ ಜಾಲರಿ, ಅಲ್ಲಿಂದ ಅಂಗಳದ ಕಬ್ಬಿಣದ ಕಂಬ, ಆಮೇಲೆ ನೆಲ. ಆ 5ನೇ ತಂತಿಯೇ ನಿನ್ನ ಡೇಟಾಕ್ಕೆ ಸೊನ್ನೆ ಗುರುತು. ಅದರ ಮೇಲೇ ಬೇರೆ ಕರೆಂಟ್ ಓಡಾಡಿದರೆ ಸೊನ್ನೆ ಯಾವುದು ಒಂದು ಯಾವುದು ಅಂತ ಬಾಕ್ಸಿಗೆ ಗೊತ್ತಾಗಬೇಕಲ್ಲ?

ಎಲ್ಲ ಸ್ವಿಚ್ ಆಫ್ ಮಾಡು. ಡಿಶ್ಶಿನ ವೈರ್ ಬಾಕ್ಸಿನಿಂದ ಬಿಚ್ಚು. ಟಿವಿಯ ವೈರನ್ನೂ ಬಿಚ್ಚು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ. ಸೀರಿಯಲ್ ಕೇಬಲ್ ಸಿಕ್ಕಿಸಿ ಎರಡೂ ಕಡೆ ಸ್ಕ್ರೂ ಬಿಗಿ ಮಾಡು. ಟೂಲಿನಲ್ಲಿ ಶುರು ಒತ್ತಿದ ಮೇಲೆ, ಕೊನೆಗೆ, ಬಾಕ್ಸಿನ ಸ್ವಿಚ್ ಹಾಕು.

ಹೊನ್ನಾವರ_ಡಿಟಿಪಿ

ತಮ್ಮಾ, ಒಂದು ನಿಮಿಷ. ಹಾಗಂತ ನೇರ ಬರೆಯಲಿಕ್ಕೆ ಹೋಗಬೇಡ. ಟೂಲಿನಲ್ಲಿ ಬಾಕ್ಸಿನಿಂದ ಫೈಲ್ ಓದಿಕೊಳ್ಳುವ ಡಂಪ್ ಆಯ್ಕೆ ಇರುತ್ತದೆ. ಓದುವುದರಿಂದ ಬಾಕ್ಸಿಗೆ ಏನೂ ಆಗುವುದಿಲ್ಲ, ನಡುವೆ ನಿಂತರೂ ನಷ್ಟ ಇಲ್ಲ. ಹಾಗಾಗಿ ದಾರಿ ಸರಿ ಇದೆಯಾ ಅಂತ ಪರೀಕ್ಷೆ ಮಾಡಬೇಕಾದ್ದು ಓದಿ, ಬರೆದು ಅಲ್ಲ. ನೀನು ಮೂರು ಸಲ ಬರೆದು ಪರೀಕ್ಷೆ ಮಾಡಿದ್ದೀ!

ಎರಡು ಸಲ ಓದು, ಎರಡು ಹೆಸರಿನಲ್ಲಿ ಉಳಿಸು. ಕಮಾಂಡ್ ಪ್ರಾಂಪ್ಟಿನಲ್ಲಿ ಎಫ್‌ಸಿ, ಸ್ಲ್ಯಾಶ್ ಬಿ, ಆಮೇಲೆ ಎರಡೂ ಫೈಲಿನ ಹೆಸರು ಕೊಟ್ಟರೆ ಬೈಟ್ ಬೈಟ್ ಹೋಲಿಸಿ ಹೇಳುತ್ತದೆ. ಒಂದೇ ಒಂದು ಬೈಟ್ ವ್ಯತ್ಯಾಸ ಬಂದರೂ ಬರೆಯುವ ಮಾತೇ ಬೇಡ.

ಮತ್ತೆ, ಬರೆಯುವಾಗ ಬೂಟ್‌ಲೋಡರ್ ಸೇರಿಸಿ ಬರೆಯುವ ಆಯ್ಕೆ ಆರಿಸಬೇಡ. ಈಗ ಬಾಕ್ಸು ಮಾತಾಡುತ್ತಿರುವುದೇ ಅದರಿಂದ. ಅದು ಹೋದರೆ ಆಗ ಯಲ್ಲಾಪುರದವನ ಪ್ರೋಗ್ರಾಮರೇ ಗತಿ.

ಯಲ್ಲಾಪುರ_ಹುಡುಗ

ಹಾಗೆ ಬನ್ನಿ ದಾರಿಗೆ 😀

ಹಳೇಡಿಶ್_ಅಂಕೋಲಾ

ಅದರಲ್ಲೂ ಒಂದು ಹೇಳಿಬಿಡು ಮಾರಾಯ. ಆ ಕಪ್ಪು ಬೋರ್ಡಿನ ಸಿಎಚ್341ಎ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಕೊಡುತ್ತದೆ. 25ಕ್ಯೂ32 ಇರುವುದು 3.3ಕ್ಕೆ. "ಹತ್ತು ನಿಮಿಷದ ಕೆಲಸ" ಅಂದಾಗ ಇದನ್ನು ಯಾಕೆ ಹೇಳಲಿಲ್ಲ?

ಯಲ್ಲಾಪುರ_ಹುಡುಗ

ನನ್ನದು ಸರಿ ಮಾಡಿಕೊಂಡದ್ದು, ಹಾಗಾಗಿ ಮರೆತೆ. ತಪ್ಪಾಯ್ತು.

ತೋಟದಮನೆ_ಶಿರಸಿ (ಮಂಗಳವಾರ ಬೆಳಿಗ್ಗೆ)

ಬಂತು!

ನಿನ್ನೆ ರಾತ್ರಿ ಎಲ್ಲ ಬಿಚ್ಚಿ, ಬ್ಯಾಟರಿಯಲ್ಲಿ, ಎರಡು ಸಲ ಓದಿದೆ. ಪ್ರತಿ ಸಲವೂ ಆರು ನಿಮಿಷದ ಮೇಲೆ ಸ್ವಲ್ಪ, ಮಾಮ ಹೇಳಿದ ಹಾಗೇ. ಹೋಲಿಸಿದರೆ ವ್ಯತ್ಯಾಸ ಇಲ್ಲ ಅಂತ ಬಂತು. ಗೆಳೆಯನ ಬಾಕ್ಸಿನ ಬೋರ್ಡ್ ನಂಬರ್ ಫೋಟೋ ತರಿಸಿದೆ, ಎರಡೂ ಒಂದೇ. ಫೈಲ್ ಅವನದೇ ಬಾಕ್ಸಿನಿಂದ ತೆಗೆದದ್ದಂತೆ, ಕಳ್ಳ ಮಾಲಲ್ಲ. ಇವತ್ತು ಬೆಳಿಗ್ಗೆ ಇನ್ವರ್ಟರಿಗೆ ಬಾಕ್ಸ್ ಹಾಕಿ, ಬೂಟ್‌ಲೋಡರ್ ಬಿಟ್ಟು ಬರೆದೆ. 61 ದಾಟುವಾಗ ಉಸಿರು ಹಿಡಿದುಕೊಂಡಿದ್ದೆ. 100 ಆಯಿತು. ಸ್ವಿಚ್ ಆಫ್ ಮಾಡಿ ಹಾಕಿದೆ, ಮೆನು ಬಂತು.

ಆದರೆ ಈಗ ಸಿಗ್ನಲ್ ಸೊನ್ನೆ. ಡಿಶ್ ಯಾರೂ ಮುಟ್ಟಿಲ್ಲ. ಮತ್ತೆ ಏನಾಯಿತು?

ಹಳೇಡಿಶ್_ಅಂಕೋಲಾ

ಡಿಶ್ಶಿನ ಹತ್ತಿರ ಹೋಗಬೇಡಿ! ಎಷ್ಟೋ ಜನ ಈ ಹಂತದಲ್ಲಿ ಸ್ಪ್ಯಾನರ್ ಹಿಡಿದು ಹೊರಟು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಹೊಸ ಸಾಫ್ಟ್‌ವೇರ್ ಹಾಕಿದಾಗ ಸೆಟ್ಟಿಂಗ್ ಬದಲಾಗುತ್ತದೆ. ಆಂಟೆನಾ ಸೆಟ್ಟಿಂಗಿನಲ್ಲಿ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ತಲೆ) ಫ್ರೀಕ್ವೆನ್ಸಿ 5150 ಅಂತ ಬಂದು ಕೂತಿರಬೇಕು ನೋಡಿ. ಅದು ದೊಡ್ಡ ಸಿ-ಬ್ಯಾಂಡ್ ಡಿಶ್ಶಿಗೆ. ನಿಮ್ಮದು ಕೆಯು-ಬ್ಯಾಂಡ್. ಯೂನಿವರ್ಸಲ್ ಮಾಡಿ, ಅಂದರೆ 9750/10600. ಎಲ್‌ಎನ್‌ಬಿ ಪವರ್ ಆನ್ ಇರಲಿ. ಒಂದಕ್ಕಿಂತ ಹೆಚ್ಚು ಎಲ್‌ಎನ್‌ಬಿ ಇದ್ದಾಗ ಹಾಕುವ ಡೈಸೆಕ್ ಸ್ವಿಚ್ ಇಲ್ಲದಿದ್ದರೆ ಅದನ್ನು ಆಫ್ ಮಾಡಿ. ಆಮೇಲೆ ನಾನು ಮೊದಲೇ ಹೇಳಿದ ಬ್ಲೈಂಡ್ ಸ್ಕ್ಯಾನ್.

ತೋಟದಮನೆ_ಶಿರಸಿ

5150 ಇತ್ತು. ಬದಲಿಸಿದೆ, ಸ್ಕ್ಯಾನ್ ಕೊಟ್ಟೆ. ಚಂದನ ಬಂತು. ಆಯಿ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದು ನೋಡಿ, "ಧ್ವನಿ ಸ್ವಲ್ಪ ಜಾಸ್ತಿ ಮಾಡು" ಅಂದಳು. ಅಷ್ಟೇ.

ಹೊನ್ನಾವರ_ಡಿಟಿಪಿ

ಸಂತೋಷ ಆಯಿತು. ಆದರೆ ನೀನು ಚಾರ್ಜರನ್ನೂ ಡಿಶ್ ವೈರನ್ನೂ ಒಟ್ಟಿಗೇ ತೆಗೆದೆ, ಇನ್ವರ್ಟರೂ ಸೇರಿತು. ಯಾವುದರಿಂದ ಸರಿಯಾಯಿತು ಅಂತ ಹೇಗೆ ಹೇಳುವುದು? ನಾಳೆ ಇನ್ಯಾರೋ ಇದನ್ನು ಓದಿ ಅರ್ಧ ಮಾತ್ರ ಮಾಡುತ್ತಾರೆ.

ತೋಟದಮನೆ_ಶಿರಸಿ (ಬುಧವಾರ ಸಂಜೆ)

ಅಕ್ಕನ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಓದಿದರೆ ನಷ್ಟ ಇಲ್ಲ ಅಂತ ಗೊತ್ತಾದ ಮೇಲೆ ಧೈರ್ಯವೂ ಬಂತು. ಇವತ್ತು ಇನ್ವರ್ಟರ್ ಬಿಟ್ಟು, ಗೋಡೆಯ ಸ್ವಿಚ್ಚಿನಲ್ಲೇ ಹಾಕಿ, ಬರೀ ಓದಿಸಿ ನೋಡಿದೆ.

ಡಿಶ್ ವೈರ್ ಇಲ್ಲ, ಚಾರ್ಜರ್ ಇದೆ: ಮೂರು ಸಲವೂ ಪೂರ್ತಿ ಬಂತು. ಡಿಶ್ ವೈರ್ ಇದೆ, ಚಾರ್ಜರ್ ಇಲ್ಲ: ಅದೂ ಮೂರು ಸಲ ಪೂರ್ತಿ. ಎರಡೂ ಇದ್ದಾಗ ಮೊದಲ ಸಲ 44ಕ್ಕೆ ನಿಂತಿತು. ಎರಡನೇ ಸಲ ಪೂರ್ತಿಯಾಯಿತು! ಮೂರನೇ ಸಲ 19.

44ಕ್ಕೆ ನಿಂತಾಗಲೇ ಹಿತ್ತಿಲ ಕಡೆಯಿಂದ ಟಕ್ ಅಂತ ಸದ್ದು ಕೇಳಿತ್ತು. ಅಪ್ಪ ತೋಟಕ್ಕೆ ನೀರು ಬಿಡಲಿಕ್ಕೆ ಮೋಟರ್ ಸ್ಟಾರ್ಟರ್ ಒತ್ತಿದ್ದು. 19ಕ್ಕೆ ನಿಂತಾಗ ಅವರು ಅದನ್ನು ಬಂದ್ ಮಾಡಿದ್ದು. ಮೊದಲ ದಿನಗಳಲ್ಲೂ ನಾನು ಕೂರುತ್ತಿದ್ದದ್ದು ಸಂಜೆ, ನೀರು ಬಿಡುವ ಹೊತ್ತಿಗೇ.

ಬೈತಖೋಲ_ರೇಡಿಯೋ (ಕಾರವಾರ)

ಶಾಭಾಸ್! ಇದು ಪರೀಕ್ಷೆ ಅಂದರೆ. ದಾರಿ ಎರಡೂ ಕಡೆ ಕೂಡಿದಾಗ ಮಾತ್ರ ಕರೆಂಟ್ ಓಡುತ್ತದೆ, ಒಂದು ಕಡೆ ಕಡಿದರೂ ನಿಂತುಹೋಯಿತು. ಮಾಮೂಲಿ ಹೊತ್ತಿನಲ್ಲಿ ಆ ಸಣ್ಣ ಕರೆಂಟನ್ನು ಬಾಕ್ಸು ಹೇಗೋ ಸಹಿಸಿಕೊಳ್ಳುತ್ತಿತ್ತು. ಸ್ಟಾರ್ಟರ್ ಬಡಿದಾಗ ಲೈನಿನಲ್ಲಿ ಏಳುವ ಪೆಟ್ಟು ಅದೇ ದಾರಿ ಹಿಡಿದು ಬಂದಿದೆ. ಬೋಟಿನಲ್ಲೂ ವಿಂಚ್ ಮೋಟರ್ ಹಾಕಿದ ಕೂಡಲೇ ಜಿಪಿಎಸ್ ತಡವರಿಸುವುದನ್ನು ನೋಡಿದ್ದೇನೆ.

ಸೋಮವಾರ ರಾತ್ರಿಯ ಆ ಡಂಪ್ ಈಗ ಬೇಡ, ಅದು ಅರ್ಧ ಬರೆದದ್ದು. ಇವತ್ತು ಪೂರ್ತಿ ಓದಿದ್ದನ್ನು ಜೋಪಾನ ಇಡು. ಬಾಕ್ಸಿನ ಮುಚ್ಚಳದ ಮೇಲೆ ಬೋರ್ಡ್ ನಂಬರ್ ಬರೆದು ಅಂಟಿಸು.

ಕಾಳಿದಂಡೆ_ಜೋಯಿಡಾ

ಇಲ್ಲೇ ಕೇಳಬಹುದಾ? ನನ್ನ ಸಣ್ಣ ಬಾಕ್ಸಿನಲ್ಲಿ ಒಂಬತ್ತು ಪಿನ್ ಇಲ್ಲ. ಇಯರ್‌ಫೋನ್ ಥರದ 3.5 ಮಿಲಿಮೀಟರ್ ತೂತಿಗೆ ಆರ್‌ಎಸ್-232, ಅಂದರೆ ಸೀರಿಯಲ್ ಪೋರ್ಟ್, ಅಂತ ಬರೆದಿದೆ. ಇದೇ ಅಡಾಪ್ಟರಿಗೆ ಜಾಕ್ ಬೆಸುಗೆ ಹಾಕಿ ಸಿಕ್ಕಿಸಬಹುದಾ?

ಬೈತಖೋಲ_ರೇಡಿಯೋ (ಕಾರವಾರ)

ಬರೆದದ್ದನ್ನು ನಂಬಬೇಡಿ, ಅಳೆಯಿರಿ. ಖಾಲಿ ಜಾಕ್ ಸಿಕ್ಕಿಸಿ ಬುಡ, ನಡುವಿನ ಉಂಗುರ, ತುದಿ ಮೂರಕ್ಕೂ ವೈರ್ ತೆಗೆಯಿರಿ. ಬುಡಕ್ಕೆ ಹೋಲಿಸಿ ತುದಿಯಲ್ಲಿ ಎಷ್ಟು, ಉಂಗುರದಲ್ಲಿ ಎಷ್ಟು? ತುದಿ ಯಾವುದು, ಉಂಗುರ ಯಾವುದು ಅನ್ನುವುದು ಒಂದೊಂದು ಬಾಕ್ಸಿಗೆ ಒಂದೊಂದು ಥರ.

ಕಾಳಿದಂಡೆ_ಜೋಯಿಡಾ

ತುದಿಯಲ್ಲಿ ಪ್ಲಸ್ 3.3. ಉಂಗುರದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೈನಸ್ ಎಲ್ಲೂ ಇಲ್ಲ.

ಬೈತಖೋಲ_ರೇಡಿಯೋ (ಕಾರವಾರ)

ಹಾಗಾದರೆ ಈ ಅಡಾಪ್ಟರನ್ನು ಅದರ ಹತ್ತಿರವೂ ತರಬೇಡಿ. ಸುಮ್ಮನೆ ಇದ್ದಾಗ ಮೈನಸ್ ಬಂದರೆ ಆರ್‌ಎಸ್-232, ಪ್ಲಸ್ 3.3 ಬಂದರೆ ಟಿಟಿಎಲ್, ಅಂದರೆ ವೈರ್ ನೇರ ಚಿಪ್ಪಿಗೇ ಹೋಗಿದೆ. ಆರ್‌ಎಸ್-232 ಲೈನ್ 15 ವೋಲ್ಟಿನ ತನಕ ಹೋಗಬಹುದು, ಚಿಪ್ ಸುಟ್ಟುಹೋಗುತ್ತದೆ. 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಬೋರ್ಡ್ ಬೇರೆಯೇ ಸಿಗುತ್ತದೆ, ಅದನ್ನು ತನ್ನಿ. ತಂದ ಮೇಲೆ ಮೊದಲು ಬರೀ ಓದಿಸಿ, ಏನು ಬಂತು ಇಲ್ಲಿ ಹೇಳಿ.